ಶಾಸನ ಸಂಪುಟಗಳಲ್ಲಿ ಕಾವ್ಯವೂ ಚರಿತ್ರೆಯೂ

ವಿಶ್ವವಿದ್ಯಾನಿಲಯವು ಅಚ್ಚುಹಾಕಿಸಿದ ಗ್ರಂಥವೆಂದೊಡನೆ ನಮ್ಮ ಭಕ್ತರಲ್ಲಿ ಅನೇಕರು ದೂರದಿಂದಲೇ ಕೈಮುಗಿದು ಬಿಡುವುದುಂಟು. ದಪ್ಪ ರಟ್ಟು, ಪುಟದ ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿಗಳು, ಪಂಡಿತರು ಪಂಡಿತರಿಗಾಗಿ ಬರೆದುಕೊಂಡದ್ದು ಎಂಬ ಭಾವನೆ. ಈ ಭಾವನೆಗೆ ಕಾರಣವಿಲ್ಲದೆ ಇಲ್ಲ. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಓದುಗರಿಗೆ ಅಂತಹ ಗ್ರಂಥಗಳ ಪೈಕಿ ಒಂದು ಮಾಲೆಯೊಡನೆ ರಕ್ತಸಂಬಂಧದಂತಹ ನಂಟಿದೆ. ತಮ್ಮ ಊರಿನ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ಕಲ್ಲುಗಳೇ ಅಲ್ಲಿ ಅಚ್ಚಿನ ಅಕ್ಷರಗಳಾಗಿ ಕುಳಿತಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನೂ ಅವುಗಳ ಜೊತೆಯಲ್ಲಿಟ್ಟು ಓದಬೇಕಾದ ಒಂದು ಸಂಶೋಧನ ಗ್ರಂಥವನ್ನೂ ಕುರಿತು ಈ ಸಂಚಿಕೆಯಲ್ಲಿ ಬರೆಯಬೇಕೆಂದು ಉದ್ದೇಶಿಸಿದ್ದೇವೆ.

ಪರಾಮರ್ಶೆಗೆ ಹೊಸ ಪುಸ್ತಕಗಳಿಗೆ ಬರವಿದೆಯೆ, ಹಳೆಯ ಸಂಪುಟಗಳನ್ನೇಕೆ ಎತ್ತಿಕೊಂಡಿರಿ ಎಂದು ವಾಚಕರು ಕೇಳಬಹುದು. ಕಾರಣವಿದೆ. ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯನ್ನು ನೆಲೆಯಾಗಿಸಿಕೊಂಡು 2022–23ರಲ್ಲಿ ಹಾಸನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯ ಬಂದಿತು. ಎರಡು ವರ್ಷ ತುಂಬುವಷ್ಟರಲ್ಲಿಯೇ, 2025ರ ಆರಂಭದಲ್ಲಿ, ಇಂತಹ ಹೊಸ ಸಣ್ಣ ವಿಶ್ವವಿದ್ಯಾನಿಲಯಗಳನ್ನು ಮುಚ್ಚಬಹುದೆಂಬ ಶಿಫಾರಸು ರಾಜ್ಯದ ಸಚಿವ ಸಂಪುಟದ ಉಪಸಮಿತಿಯಿಂದ ಹೊರಟಿತು. ಆ ಪಟ್ಟಿಯಲ್ಲಿ ಹಾಸನದ ಹೆಸರೂ ಇದ್ದಿತು. ಆಗ ನಡೆದ ಚರ್ಚೆಯನ್ನು ನಾವು ಗಮನವಿಟ್ಟು ಓದಿದೆವು. ಕಟ್ಟಡ, ಅನುದಾನ, ಅಧ್ಯಾಪಕರ ಸಂಬಳ, ವಿದ್ಯಾರ್ಥಿಗಳ ಸಂಖ್ಯೆ ಇವಿಷ್ಟೇ ವಾದಪ್ರತಿವಾದಗಳ ವಸ್ತುವಾಗಿದ್ದವು. ಈ ನೆಲದ ಮೇಲೆ ವಿಶ್ವವಿದ್ಯಾನಿಲಯವೊಂದು ಇದ್ದರೆ ಅದು ಯಾವ ಗ್ರಂಥವನ್ನು ಪ್ರಕಟಿಸಬೇಕು, ಇಲ್ಲದಿದ್ದರೆ ಯಾವ ಗ್ರಂಥ ಹುಟ್ಟದೆ ಉಳಿಯುತ್ತದೆ ಎಂಬ ಪ್ರಶ್ನೆ ನಮ್ಮ ಕಣ್ಣಿಗೆ ಎಲ್ಲಿಯೂ ಬೀಳಲಿಲ್ಲ. ಆದುದರಿಂದ ಆಗಿರುವ ಕೆಲಸ ಎಂತಹುದು, ಅದರಲ್ಲಿ ಕೊರತೆ ಏನು ಎಂಬುದನ್ನು ನೋಡುವುದು ಈಗ ಉಚಿತ.

ಮೊದಲಿಗೆ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಪ್ರತಿಮಾಡಿಸಿ ಜಿಲ್ಲಾವಾರು ಸಂಪುಟಗಳಲ್ಲಿ ಪ್ರಕಟಿಸಿದವರು ಬಿ. ಎಲ್. ರೈಸ್. ಹಾಸನ ಜಿಲ್ಲೆಯ ಸಂಪುಟ ಆ ಮಾಲೆಯಲ್ಲಿ ಐದನೆಯದು. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಶ್ರವಣಬೆಳಗೊಳಕ್ಕೆ ಮಾತ್ರ ಪ್ರತ್ಯೇಕ ಸಂಪುಟ, ಅದು ಎರಡನೆಯದು. ಈ ಎರಡನೆಯ ಸಂಪುಟದ ಕಥೆಯೇ ವಿದ್ವತ್ತಿನ ಶ್ರಮಕ್ಕೆ ಒಳ್ಳೆಯ ನಿದರ್ಶನ. 1889ರಲ್ಲಿ ರೈಸರು ಅಲ್ಲಿ ಕಂಡದ್ದು 144 ಶಾಸನಗಳು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಅವು 500 ಆದವು. 1973ರಲ್ಲಿ ವಿಶ್ವವಿದ್ಯಾನಿಲಯದ ಸಂಪುಟ ಬಂದಾಗ 573. ಅದೇ ಬೆಟ್ಟ, ಅದೇ ಬಂಡೆ. ಮತ್ತೆ ಮತ್ತೆ ಹತ್ತಿ ನೋಡಿದವರಿಗೆ ಮಾತ್ರ ಮತ್ತಷ್ಟು ಅಕ್ಷರಗಳು ಕಂಡವು. ಲಾಭದ ಲೆಕ್ಕ ಹಾಕುವ ಯಾವ ಪ್ರಕಾಶಕನೂ ಎಪ್ಪತ್ತಮೂರು ಹೆಚ್ಚಿನ ಶಾಸನಗಳಿಗಾಗಿ ಒಂದು ಮಹಾಸಂಪುಟವನ್ನು ಹೊಸದಾಗಿ ಜೋಡಿಸಲಾರ.

ಈ ಎಪ್ಪತ್ತಮೂರರಲ್ಲಾಗಲಿ ಉಳಿದ ಐನೂರರಲ್ಲಾಗಲಿ ಸಾಮಾನ್ಯ ಓದುಗನಿಗೆ ಏನಿದೆ? ಮೊಟ್ಟಮೊದಲಿಗೆ ಕಾವ್ಯವಿದೆ. ಇದನ್ನು ಒತ್ತಿ ಹೇಳಬೇಕಾಗಿದೆ. ಶಾಸನವೆಂದರೆ ಅರಸರ ಇಸವಿ, ಬಿರುದು, ದಾನದ ಪಟ್ಟಿ ಎಂಬ ತಿಳಿವಳಿಕೆಯಿಂದಲೇ ನಮ್ಮ ಶಾಲೆಗಳಲ್ಲಿ ಪಾಠ ನಡೆಯುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ನಂದಿಸೇನನೆಂಬ ಮುನಿಯ ನಿಸಿದಿಗೆಯ ಚಿಕ್ಕದೊಂದು ಬರಹವಿದೆ. ಏಳನೆಯ ಶತಮಾನದ ಸುಮಾರಿನದು. ರೂಪವೂ ಸಂಪತ್ತೂ ಮಳೆಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ನಿಲ್ಲದೆ ಹೋಗುವುವೆಂದು ಬಗೆದು ಆತನು ಸಂನ್ಯಸನ ಕೈಕೊಂಡನೆಂಬುದು ಅದರ ತಾತ್ಪರ್ಯ. ಪಂಪನಿಗಿಂತ ಬಹಳ ಹಿಂದೆ, ಯಾವ ಅರಸನ ಹೊಗಳಿಕೆಯ ಹಂಗೂ ಇಲ್ಲದೆ, ಹೆಸರು ಹೇಳಿಕೊಳ್ಳದ ಕವಿಯೊಬ್ಬನು ಕನ್ನಡದಲ್ಲಿ ಒಂದು ಸಾವನ್ನು ಕುರಿತು ಇಷ್ಟು ಶುದ್ಧವಾದ ಪದ್ಯವನ್ನು ಕಟ್ಟಿದ್ದನೆಂಬುದು ಆ ಬಂಡೆಯಿಂದಲೇ ನಮಗೆ ತಿಳಿಯಬೇಕಾಯಿತು. ಅದೇ ಊರಿನ ದೊಡ್ಡಬೆಟ್ಟದಲ್ಲಿ ‘ಸುಜನೋತ್ತಂಸ’ನೆಂದು ಬಿರುದು ಪಡೆದ ಬೊಪ್ಪಣನು 1180ರ ಸುಮಾರಿನಲ್ಲಿ ಗೊಮ್ಮಟನನ್ನು ಸ್ತುತಿಸಿ ಬರೆದ ಪದ್ಯಮಾಲೆಯಿದೆ. ಇದು ಪಂಡಿತಕಾವ್ಯ, ಇದರ ಸೊಗಸೇ ಬೇರೆ. ನಮ್ಮ ಅಭಿರುಚಿಯನ್ನು ಕೇಳುವುದಾದರೆ ಬೊಪ್ಪಣನ ಅಲಂಕಾರಗಳನ್ನು ಮೆಚ್ಚುತ್ತೇವೆ, ನಂದಿಸೇನನ ಕಲ್ಲಿನ ಮುಂದೆ ಸುಮ್ಮನೆ ನಿಲ್ಲುತ್ತೇವೆ.

ಇನ್ನೊಂದು ಸಂಗತಿ ಚನ್ನರಾಯಪಟ್ಟಣದವರಿಗೆ ಹೆಮ್ಮೆ ತರುವಂತಹುದು. ‘ಯಶೋಧರ ಚರಿತೆ’ಯನ್ನು ಬರೆದ ಕವಿಚಕ್ರವರ್ತಿ ಜನ್ನನನ್ನು ಪರೀಕ್ಷೆಗಾಗಿ ಓದದ ಕನ್ನಡ ವಿದ್ಯಾರ್ಥಿಯಿಲ್ಲ. ಆ ಕಾವ್ಯದ ಕಾಲ 1209. ಅದಕ್ಕೆ ಹದಿನೆಂಟು ವರ್ಷ ಮೊದಲೇ, 1191ರಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಶಾಸನವನ್ನು ಅವನು ರಚಿಸಿದನು. ರೈಸರ ಎಣಿಕೆಯಲ್ಲಿ ಅದು ಆ ತಾಲ್ಲೂಕಿನ 179ನೆಯದು. ತರೀಕೆರೆ ಸೀಮೆಯ ಅಮೃತಾಪುರದ ಶಾಸನವೂ ಅವನದೇ. ಮಹಾಕಾವ್ಯಕ್ಕೆ ಕೈಹಾಕುವ ಮುನ್ನ ನಮ್ಮ ಹಳ್ಳಿಯೊಂದರ ಕಲ್ಲಿಗಾಗಿ ಪದ್ಯ ಹೊಸೆಯುತ್ತಿದ್ದ ತರುಣ ಜನ್ನನನ್ನು ಸಾಹಿತ್ಯದ ಪಠ್ಯಪುಸ್ತಕಗಳು ತೋರಿಸುವುದಿಲ್ಲ. ಅರಕಲಗೂಡಿನವರಿಗೂ ಇಂತಹ ಒಬ್ಬನಿದ್ದಾನೆ. ಅಲ್ಲಿಯ ಕೊಂಗಾಳ್ವ ಅರಸನ 1079ರ ಜಿನಾಲಯ ಶಾಸನವನ್ನು ಬರೆದವನು ಸಂಧಿವಿಗ್ರಹಿ ನಕುಲಾರ್ಯ. ನಾಲ್ಕು ಭಾಷೆಗಳಲ್ಲಿ ಬರೆಯಬಲ್ಲವನೆಂದು ಅವನ ಹೆಗ್ಗಳಿಕೆ. ರಾಜಕಾರ್ಯ ನೋಡುವ ಅಧಿಕಾರಿಯೇ ಕವಿಯೂ ಆಗಿರುತ್ತಿದ್ದ ಕಾಲ ಅದು.

ಇಲ್ಲಿಗೆ ನಮ್ಮ ಮುಖ್ಯ ವಿಷಯಕ್ಕೆ ಬಂದಂತಾಯಿತು. ಶಾಸನದಲ್ಲಿ ಕಾವ್ಯವೂ ಚರಿತ್ರೆಯೂ ಒಂದೇ ಕಲ್ಲಿನ ಮೇಲೆ ಒಂದೇ ಕೈಯಿಂದ ಇಳಿದಿವೆ. ಇಂದಿನ ವಿದ್ವತ್ತು ಅವುಗಳನ್ನು ಎರಡು ಇಲಾಖೆಗಳಿಗೆ ಹಂಚಿಬಿಟ್ಟಿದೆ. ಕನ್ನಡ ಅಧ್ಯಾಪಕರು ವೃತ್ತ ಕಂದಗಳನ್ನು ಆರಿಸಿಕೊಂಡು ‘ಶಾಸನ ಪದ್ಯ’ಗಳೆಂದು ಬೋಧಿಸುತ್ತಾರೆ, ಚರಿತ್ರೆಯ ಅಧ್ಯಾಪಕರು ಪದ್ಯಗಳನ್ನು ಹಾರಿ ಶಕವರ್ಷಕ್ಕೂ ದಾನದ ಭಾಗಕ್ಕೂ ಇಳಿಯುತ್ತಾರೆ. ಎರಡೂ ಅರೆ ಓದು. ಹೊಗಳಿಕೆಯ ಪದ್ಯದ ಸಂಪ್ರದಾಯವನ್ನು ಅರಿಯದ ಚರಿತ್ರಕಾರನು, ಅರಸನು ಹಿಮಾಲಯದಿಂದ ಸೇತುವಿನವರೆಗೆ ಗೆದ್ದನೆಂಬ ಮಾತನ್ನು ನಂಬಿ ಕೆಡುತ್ತಾನೆ, ಇಲ್ಲವೆ ಇಡೀ ಪದ್ಯವನ್ನೇ ಸುಳ್ಳೆಂದು ತಳ್ಳಿ ಅದರೊಳಗೆ ಸಿಕ್ಕಿಕೊಂಡಿರುವ ಒಂದು ನಿಜವಾದ ಹೆಸರನ್ನು ಕಳೆದುಕೊಳ್ಳುತ್ತಾನೆ. ಗದ್ಯಭಾಗವನ್ನು ಓದದ ಸಾಹಿತಿಯಾದರೋ ಪದ್ಯ ಯಾತಕ್ಕೆ ಹುಟ್ಟಿತೆಂಬುದನ್ನೇ ಅರಿಯನು. ಇಂತಿಷ್ಟು ಸಲಗೆ ಗದ್ದೆ, ಇಂತಿಷ್ಟು ಕೊಳಗ ಬೆದ್ದಲು, ಮೂಡಲಲ್ಲಿ ಹುಣಸೆಯ ಮರ, ತೆಂಕಲಲ್ಲಿ ಹುತ್ತ, ಪಡುವಲಲ್ಲಿ ಕೆರೆಯ ಕೋಡಿ ಎಂದು ಎಲ್ಲೆ ಹೇಳಿ, ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ಶಪಿಸುವ ಆ ಭಾಗದಲ್ಲಿಯೇ ಊರು ಉಸಿರಾಡುತ್ತದೆ.

ನಮಗೆ ಸಂಸ್ಕೃತ ಪಾಠಶಾಲೆಯಲ್ಲಿ ಶ್ಲೋಕಕ್ಕೆ ಅನ್ವಯ ಹೇಳಿ ಪ್ರತಿಪದಾರ್ಥ ಒಪ್ಪಿಸದೆ ಮುಂದಕ್ಕೆ ಹೋಗುವಂತಿರಲಿಲ್ಲ. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಕಾಲ, ಕರ್ತೃ, ಪಾಠಾಂತರಗಳ ವಿಚಾರ ಕಲಿತೆವು. ಶಾಸನವನ್ನು ಓದುವಾಗ ಈ ಎರಡು ಅಭ್ಯಾಸಗಳಲ್ಲಿ ಯಾವುದೊಂದನ್ನು ಬಿಟ್ಟರೂ ನಡೆಯದೆಂಬುದು ಅನುಭವದಿಂದ ಕಂಡ ಮಾತು.

ಈ ಎರಡನ್ನೂ ಕೂಡಿಸಿ ಓದುವ ದಾರಿಯನ್ನು ಕನ್ನಡದಲ್ಲಿ ತೆರೆದ ಗ್ರಂಥವೆಂದರೆ ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಮೈಸೂರು ವಿಶ್ವವಿದ್ಯಾನಿಲಯವೇ 1966ರಲ್ಲಿ ಪ್ರಕಟಿಸಿದ ಈ ಗ್ರಂಥ ಡಾಕ್ಟರೇಟಿಗಾಗಿ ಬರೆದ ಪ್ರಬಂಧವಾಗಿದ್ದರೂ ಕನ್ನಡ ಬಲ್ಲ ಯಾರೂ ಓದಬಹುದಾದ ಸ್ವಚ್ಛವಾದ ಗದ್ಯದಲ್ಲಿದೆ. ಅರಸರ ವಂಶಾವಳಿಗೆ ಸಾಕ್ಷಿಯಾಗಿ ಮಾತ್ರ ನಿಲ್ಲುತ್ತಿದ್ದ ಶಾಸನವನ್ನು ಅವರು ಜನಜೀವನದ ಕಡೆಗೆ ತಿರುಗಿಸಿದರು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದ ವೀರ, ಗಂಡನೊಡನೆ ಬೆಂಕಿ ಹೊಕ್ಕ ಹೆಣ್ಣು, ಮಠದಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯ, ಇವರು ಆ ಗ್ರಂಥದ ಪುಟಗಳಲ್ಲಿ ಅರಸರಷ್ಟೇ ಸ್ಥಾನ ಪಡೆದರು. ನಮ್ಮ ಕಡೆಯ ಯಾವ ಹಳ್ಳಿಯಲ್ಲಿಯಾದರೂ ಮೂರು ಅಂತಸ್ತಿನ ವೀರಗಲ್ಲನ್ನು ಕಂಡು, ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಒಯ್ಯುತ್ತಿರುವುದು, ಮೇಲೆ ಲಿಂಗದ ಸನ್ನಿಧಿ ಎಂದು ಇಂದು ಶಾಲೆಯ ಹುಡುಗನೂ ಹೇಳಬಲ್ಲನಾದರೆ ಅದರಲ್ಲಿ ಇಂತಹ ಗ್ರಂಥಗಳ ಪಾಲು ದೊಡ್ಡದು.

ನಮ್ಮ ಆಕ್ಷೇಪಣೆಯೊಂದಿದೆ. ಆ ಗ್ರಂಥದ ಹರಹು ಕ್ರಿ.ಶ. 450ರಿಂದ 1150ರವರೆಗೆ. ಸಂಶೋಧಕನು ಎಲ್ಲಿಯಾದರೂ ಗೆರೆ ಎಳೆಯಲೇಬೇಕು, ನಿಜ. ಆದರೆ ಹಾಸನ ಸೀಮೆಯ ಬೆಳೆ ಕೊಯ್ಲಿಗೆ ಬರುವುದೇ ಆ ಗೆರೆಯ ಆಚೆಗೆ. ದೊಡ್ಡಗದ್ದವಳ್ಳಿಯಲ್ಲಿ ವರ್ತಕನಾದ ಕುಲ್ಲಹಣ ರಾಹುತನೂ ಅವನ ಮಡದಿ ಸಹಜಾದೇವಿಯೂ ಲಕ್ಷ್ಮೀದೇವಿಯ ಗುಡಿಯನ್ನು ಕಟ್ಟಿಸಿ, ಅದರ ಸುತ್ತ ಅಭಿನವ ಕೊಲ್ಲಾಪುರವೆಂಬ ಊರನ್ನು ನೆಲೆಗೊಳಿಸಿದ್ದು 1113ರ ಸುಮಾರಿನಲ್ಲಿ. ಅದು ಗೆರೆಯ ಒಳಗೆ ಬರುತ್ತದೆ. ವೀರಬಲ್ಲಾಳನ ಪಟ್ಟಾಭಿಷೇಕದ ವರ್ಷವಾದ 1173ರಲ್ಲಿ ಬೂಚಿರಾಜನು ಕೋರವಂಗಲದಲ್ಲಿ ಕಟ್ಟಿಸಿದ ಬೂಚೇಶ್ವರ, ಜನ್ನನ ಕಲ್ಲು, 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಇವೆಲ್ಲ ಹೊರಗುಳಿಯುತ್ತವೆ. ನಮ್ಮ ಸೀಮೆಯನ್ನೇ ಕೇಂದ್ರವಾಗಿಟ್ಟುಕೊಂಡು, ಅದೇ ಜನಪರ ದೃಷ್ಟಿಯಿಂದ, ಅದೇ ಬಗೆಯ ಸುಲಭ ಗದ್ಯದಲ್ಲಿ ಮುಂದಿನ ಇನ್ನೂರು ವರ್ಷಗಳ ಅಧ್ಯಯನ ಬರಬೇಕು. ಹಾಸನದ ವಿಶ್ವವಿದ್ಯಾನಿಲಯಕ್ಕೆ ಕೆಲಸವೇನು ಎಂದು ಕೇಳುವವರಿಗೆ ಇದೊಂದು ಉತ್ತರ.

ಮಠದ ಪತ್ರಿಕೆಯಲ್ಲಿ ಇದನ್ನು ಬರೆಯುವುದಕ್ಕೆ ಮತ್ತೊಂದು ಕಾರಣವಿದೆ. ಊರಿನ ಮಹಿಮೆ, ಮಠದ ಪರಂಪರೆ, ಮನೆತನದ ಕೀರ್ತಿ ಇವುಗಳನ್ನು ಹೇಳುವ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟು ಅಚ್ಚಾಗುತ್ತವೆ. ನಮ್ಮ ಮಠವೂ ಅಚ್ಚುಹಾಕಿಸಿದೆ. ಅವು ಭಕ್ತಿಯ ಪುಸ್ತಕಗಳು, ಅವಕ್ಕೆ ಅವುಗಳದೇ ಸ್ಥಾನವಿದೆ. ಅವುಗಳಲ್ಲಿ ಸೇರದ ಮಾತೊಂದಿರುತ್ತದೆ. ಅದು ಬರೆಸಿದವರಿಗೆ ಹಿತವಲ್ಲದ ಮಾತು. ಹಿತವಾದುದನ್ನೂ ಹಿತವಲ್ಲದುದನ್ನೂ ಒಂದೇ ಬಗೆಯ ಅಚ್ಚಿನಲ್ಲಿ ಅಕ್ಕಪಕ್ಕ ಇಡುವುದು ಶಾಸನ ಸಂಪುಟದ ಗುಣ.

ಒಂದು ಉದಾಹರಣೆ ನೋಡಿ. ಶ್ರವಣಬೆಳಗೊಳದ ಊರೊಳಗೆ ಅಕ್ಕನ ಬಸದಿಯಿದೆ, 1181ರದು. ಕಟ್ಟಿಸಿದವಳು ಆಚಿಯಕ್ಕ, ಜಿನಭಕ್ತೆ. ಅವಳ ಪತಿ ಚಂದ್ರಮೌಳಿ ವೀರಬಲ್ಲಾಳನ ಮಂತ್ರಿ, ಶಿವಭಕ್ತನಾದ ಬ್ರಾಹ್ಮಣ. ಆ ಬಸದಿಯ ಪೂಜೆಗೆ ಬೊಮ್ಮೆಯನಹಳ್ಳಿಯನ್ನು ಬಿಡಬೇಕೆಂದು ಅರಸನಲ್ಲಿ ಬಿನ್ನವಿಸಿಕೊಂಡವನು ಅವನೇ. ಮಡದಿಯ ದೇವರಿಗಾಗಿ ಅರಸನ ಮುಂದೆ ಕೈಯೊಡ್ಡಿದ ಈ ಶೈವನನ್ನು ನಮ್ಮ ಯಾವ ಪುರಾಣವೂ ನೆನೆಯಲಿಲ್ಲ. ನಾವು ನೆನೆಯುವುದು ಅದೇ ಕಾಲದ ಏಕಾಂತದ ರಾಮಯ್ಯನನ್ನು. ಅಬ್ಬಲೂರಿನಲ್ಲಿ ಜೈನರೊಡನೆ ವಾದಕ್ಕೆ ನಿಂತು ಶಿರಸ್ಸನ್ನು ಅರಿದಿಟ್ಟ ಆತನ ಕಥೆಯೂ 1200ರ ಸುಮಾರಿನ ಶಾಸನದಲ್ಲಿಯೇ ಇದೆ. ಎರಡು ಕಲ್ಲುಗಳೂ ನಿಜ. ಒಂದನ್ನು ಹೊರಗೆ ತಂದು ಮೆರೆಸಿ ಇನ್ನೊಂದನ್ನು ಮರೆಯಲ್ಲಿಡುವುದು ಓದಿದವರಿಗೆ ತಕ್ಕುದಲ್ಲ.

ಬೆಳಗೊಳದಲ್ಲಿಯೇ ಭಂಡಾರಿ ಬಸದಿಯ ಬಳಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ಜಗಳವನ್ನು ಅರಸನು ತೀರ್ಮಾನಿಸಿದ ಕಥೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂಬ ಅದರ ಮಾತನ್ನು ಭಾಷಣಕಾರರು ಬಾಯಿಪಾಠ ಮಾಡಿದ್ದಾರೆ. ಆ ಮಾತಿನ ಮುಂದಿನ ಸಾಲುಗಳನ್ನು ಓದಿದವರು ಕಡಮೆ. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣ ಎತ್ತಬೇಕು; ಎತ್ತುವವನು ತಿರುಮಲೆಯ ತಾತಯ್ಯ, ಅಂದರೆ ಶ್ರೀವೈಷ್ಣವ; ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು; ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಜಗಳ ಮಾಡಿದವರ ಕೈಗೇ ಕಾವಲಿನ ಹೊಣೆಯನ್ನೂ ಲೆಕ್ಕವನ್ನೂ ಒಪ್ಪಿಸಿದ ಜಾಣತನವಿದು. ಅದಕ್ಕೆ ತೆರಬೇಕಾದ ಹಣ ಮಾತ್ರ ಪೆಟ್ಟು ತಿಂದವರದೇ ಎಂಬುದನ್ನೂ ಮರೆಯಬಾರದು. ಸಾಮರಸ್ಯದ ಒಂದು ವಾಕ್ಯವನ್ನಷ್ಟೇ ಕಿತ್ತು ತಂದರೆ ಇವೆರಡೂ ಕಾಣಸಿಗುವುದಿಲ್ಲ. ಪೂರ್ಣಪಾಠವಿರುವ ಗ್ರಂಥ ಬೇಕೆನ್ನುವುದು ಇದಕ್ಕೇ.

ಇನ್ನು ಸಂಪುಟಗಳ ದೋಷಗಳ ಮಾತು. ಜಿಲ್ಲೆಯ ಓದುಗನಿಗೆ ತನ್ನ ಜಿಲ್ಲೆ ಒಂದೆಡೆ ದೊರೆಯುವುದಿಲ್ಲ. ಹಾಸನ, ಅರಕಲಗೂಡು, ಹೊಳೆನರಸೀಪುರಗಳಿಗೆ ಎಂಟನೆಯ ಸಂಪುಟ, ಬೇಲೂರಿಗೆ ಒಂಬತ್ತನೆಯದು, ಚನ್ನರಾಯಪಟ್ಟಣಕ್ಕೆ ಹತ್ತನೆಯದು, ಆ ತಾಲ್ಲೂಕಿನದೇ ಆದ ಶ್ರವಣಬೆಳಗೊಳಕ್ಕೆ ಎರಡನೆಯದು. ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪನಾಯಕನು 1600ರ ಸುಮಾರಿನಲ್ಲಿ ಕೊಳತೂರನ್ನು ಹಿಡಿದು ಮಗನಿಗೆ ಕೊಟ್ಟ ಮೇಲೆ ಅದು ಚನ್ನರಾಯಪಟ್ಟಣವಾಯಿತೆಂದು ಗ್ಯಾಸೆಟಿಯರು ಹೇಳುತ್ತದೆ. ಹೀಗೆ ಒಂದೇ ಮನೆತನದ ಎರಡು ಊರುಗಳ ಚರಿತ್ರೆಯನ್ನು ಅರಸಲು ಎರಡು ಭಾರಿ ಸಂಪುಟಗಳನ್ನು ತಿರುವಬೇಕು. ರೈಸರ ಕ್ರಮಸಂಖ್ಯೆ ಹೊಸ ಸಂಪುಟಗಳಲ್ಲಿ ಬದಲಾಗಿರುವುದು ಹೊಸಬರಿಗೆ ಇನ್ನೊಂದು ತೊಡಕು. ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆಯದು. ಹಳಗನ್ನಡದ ಮೂಲಪಾಠದ ಮುಂದೆ ಸಾಲುಸಾಲಿಗೆ ಹೊಸಗನ್ನಡದ ಅರ್ಥವಿಲ್ಲದಿದ್ದರೆ ನಮ್ಮ ರೈತನಿಗೆ ತನ್ನ ಹೊಲದ ಕಲ್ಲು ಅಚ್ಚಾದ ಮೇಲೂ ಮೂಕವೇ. ಬೆಲೆ, ತೂಕ, ಸಿಕ್ಕದಿರುವಿಕೆ ಇವುಗಳ ವಿಷಯ ಹೇಳುವುದೇ ಬೇಡ.

ಇದಕ್ಕೆ ಮಾದರಿ ಹೊರಗೆಲ್ಲಿಯೂ ಹುಡುಕಬೇಕಾಗಿಲ್ಲ. ಅಧ್ಯಾಪಕರು ತಾಲ್ಲೂಕು ಊರುಗಳಿಗೆ ಹೋಗಿ ಉಪನ್ಯಾಸ ಕೊಟ್ಟು, ಆ ಉಪನ್ಯಾಸಗಳನ್ನೇ ಕಡಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚುಮಾಡುವ ಪದ್ಧತಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1930ರ ದಶಕದಲ್ಲಿಯೇ ಇದ್ದಿತು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಅಧ್ಯಯನ, ಸಂಶೋಧನೆಗಳ ಜೊತೆಗೆ ಪ್ರಸಾರವೂ ವಿಶ್ವವಿದ್ಯಾನಿಲಯದ ಒಂದು ಅಂಗವೆಂದು ಎಣಿಸಿ ‘ಪ್ರಸಾರಾಂಗ’ವೆಂಬ ಹೆಸರನ್ನು ನೆಲೆಗೊಳಿಸಿದರು. ಕವಿಯೊಬ್ಬರು ಹಾಗೆ ಎಣಿಸಿದ್ದು ಆಕಸ್ಮಿಕವಲ್ಲ. 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟು ಮುಂದೆ ವಿಶ್ವವಿದ್ಯಾನಿಲಯವೇ ವಹಿಸಿಕೊಂಡ ‘ಪ್ರಬುದ್ಧ ಕರ್ನಾಟಕ’ದಲ್ಲಿ ಹೊಸ ಕವಿಗಳ ಭಾವಗೀತೆಯೂ ಪಂಡಿತರ ಶಾಸನ ವಿಚಾರವೂ ಒಂದೇ ಸಂಚಿಕೆಯಲ್ಲಿ ಬರುತ್ತಿದ್ದವು. ಕವಿ ಶಾಸನವನ್ನು ಓದಿದನು, ಪಂಡಿತ ಹೊಸ ಕವಿತೆಯನ್ನು ಓದಿದನು. ಇಂದು ನಮ್ಮ ಬಳಿಗೆ ಅಭಿಪ್ರಾಯಕ್ಕೆಂದು ಬರುವ ಹೊಸ ಕವನ ಸಂಕಲನಗಳಲ್ಲಿ ಭಾವವಿದೆ, ಸಿ಼ಟ್ಟೂ ಇದೆ. ಪದಸಂಪತ್ತು ಮಾತ್ರ ಸೊರಗಿದೆ. ಹಾಸನ ಸೀಮೆಯ ತರುಣ ಕವಿಗೆ ನಂದಿಸೇನನ ನಾಲ್ಕು ಸಾಲು ತಿಳಿದಿದ್ದರೆ ತನ್ನ ಹದಿನಾಲ್ಕು ಸಾಲುಗಳನ್ನು ಅಚ್ಚಿಗೆ ಕೊಡುವ ಮುನ್ನ ಒಮ್ಮೆ ತಡೆದಾನು.

ಕಲ್ಲುಗಳೂ ಕಾಯುತ್ತ ಕುಳಿತಿರುವುದಿಲ್ಲ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ನೀರು ನಿಂತಾಗ ಅನೇಕ ಹಳ್ಳಿಗಳು ಎದ್ದು ಹೋದವು. ಶೆಟ್ಟಿಹಳ್ಳಿಯ ಚರ್ಚು ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ಜನ ನೋಡಲು ಹೋಗುತ್ತಾರೆ. ಊರು ಎದ್ದುಹೋದರೆ ಕಲ್ಲು ನೆಲೆ ತಪ್ಪುತ್ತದೆ, ನೆಲೆ ತಪ್ಪಿದ ಕಲ್ಲಿನ ಎಲ್ಲೆಯ ಮಾತಿಗೆ ಅರ್ಥ ಉಳಿಯುವುದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷದ ವಿಷಯ. ಕೋರವಂಗಲ, ಮೊಸಳೆ, ನುಗ್ಗೇಹಳ್ಳಿಗಳಿಗೆ ಅಂತಹ ಪಟ್ಟಿಯ ಆಸರೆಯಿಲ್ಲ. ಸಾಮಾನ್ಯ ಹಳ್ಳಿಯ ಬರಹದ ಕಲ್ಲಿಗಂತೂ ಸಂಪುಟದ ಪುಟವೊಂದೇ ಆಸರೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ವಿಶ್ವವಿದ್ಯಾನಿಲಯ ಹಾಸನದಲ್ಲಿ ಉಳಿದರೆ ಅದರ ಪ್ರಸಾರಾಂಗವೇ, ಉಳಿಯದಿದ್ದರೆ ಮೈಸೂರಿನದೇ ಈ ಕೆಲಸ ವಹಿಸಿಕೊಳ್ಳಲಿ: ತಾಲ್ಲೂಕಿಗೊಂದರಂತೆ ನೂರೈವತ್ತು ಪುಟದ ಪುಸ್ತಕ, ಆಯ್ದ ಶಾಸನಗಳ ಪೂರ್ಣಪಾಠ, ಎದುರು ಪುಟದಲ್ಲಿ ಹೊಸಗನ್ನಡದ ಅರ್ಥ, ಕಲ್ಲು ಇಂದು ಎಲ್ಲಿದೆ ಎಂಬ ಗುರುತು. ಹೊಗಳಿಕೆಯ ಪದ್ಯವನ್ನೂ ಬಿಡಬಾರದು, ಗದ್ದೆಯ ಅಳತೆಯನ್ನೂ ಬಿಡಬಾರದು. ಈ ನಾಲ್ಕು ತಾಲ್ಲೂಕುಗಳಲ್ಲಿ ಅಧ್ಯಾಪಕರಾಗಿರುವ ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಕಡಮೆಯೇನಿಲ್ಲ. ಅರ್ಥ ಬರೆಯುವ ಕೆಲಸಕ್ಕೆ ಅವರು ಮುಂದೆ ಬಂದರೆ ಬೇಸಗೆಯ ರಜೆಯಲ್ಲಿ ಮಠದಲ್ಲಿಯೇ ಕುಳಿತು ಮಾಡಬಹುದು. ಊಟ ವಸತಿಗಳ ಹೊಣೆ ನಮ್ಮದು. ಅಷ್ಟರೊಳಗೆ ಓದಲು ಆರಂಭಿಸುವವರು ಚನ್ನರಾಯಪಟ್ಟಣದವರಾದರೆ ಹತ್ತನೆಯ ಸಂಪುಟವನ್ನೂ ಉಳಿದ ಮೂರು ತಾಲ್ಲೂಕಿನವರಾದರೆ ಎಂಟನೆಯದನ್ನೂ ಗ್ರಂಥಾಲಯದಲ್ಲಿ ಕೇಳಿ ತೆಗೆಸಿಕೊಂಡು, ಮೊದಲು ಸ್ಥಳನಾಮಗಳ ಸೂಚಿಯಲ್ಲಿ ತಮ್ಮ ಊರಿನ ಹೆಸರನ್ನು ಹುಡುಕಲಿ. ಸಿಕ್ಕ ಶಾಸನವನ್ನು ಪ್ರತಿಮಾಡಿಕೊಂಡು ಹೋಗಿ, ಕಲ್ಲು ಅಲ್ಲಿಯೇ ಇದೆಯೇ ಎಂದು ನೋಡಿ, ಇದ್ದರೆ ಇದೆ ಎಂದೂ ಇಲ್ಲದಿದ್ದರೆ ಇಲ್ಲವೆಂದೂ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆದರೆ ಪ್ರಕಟಿಸುತ್ತೇವೆ.